ಆಧಾರ್ ಸಂಖ್ಯೆ ಮತ್ತು ರೈತರ ಸಹಾಯಧನ

ಇಂದು ಸರ್ಕಾರದಿಂದ ರೈತ ಕುಟುಂಬಕ್ಕೆ ಬರಬೇಕಾದ ನೆರವಿನ ಬಹುಪಾಲು ಹನ್ನೆರಡು ಅಂಕಿಗಳ ಒಂದು ಸಂಖ್ಯೆಯನ್ನು ಅವಲಂಬಿಸಿದೆ. ಪಡಿತರ ಅಂಗಡಿಯ ಅಕ್ಕಿ, ವೃದ್ಧಾಪ್ಯ ವೇತನ, 2019ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, ಬರ ಪರಿಹಾರ ಇವೆಲ್ಲಕ್ಕೂ ಆಧಾರ್ ಬೇಕು. ಎಲ್ಲೋ ಒಂದು ಕಡೆ ಸಣ್ಣ ತಪ್ಪಾದರೂ ಕಂತು ನಿಂತುಹೋಗುತ್ತದೆ. ತಪ್ಪು ಎಲ್ಲಿದೆ ಎಂದು ತಿಳಿಯದೆ ಬ್ಯಾಂಕು, ರೈತ ಸಂಪರ್ಕ ಕೇಂದ್ರ, ನಾಡಕಚೇರಿಗಳ ನಡುವೆ ಅಲೆಯುವ ರೈತರು ಅನೇಕರಿದ್ದಾರೆ. ಪೈರು ಹಳದಿಯಾದಾಗ ಕಾರಣವನ್ನು ಗುರುತಿಸಿ ನಂತರ ಉಪಚಾರ ಮಾಡುವಂತೆಯೇ, ಇಲ್ಲಿಯೂ ವ್ಯವಸ್ಥೆ ನಡೆಯುವ ಬಗೆಯನ್ನು ಮೊದಲು ಅರಿತುಕೊಳ್ಳುವುದು ಒಳ್ಳೆಯದು.

ಸಂಖ್ಯೆಯ ರಚನೆ

ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು 2009ರಲ್ಲಿ ಸ್ಥಾಪನೆಯಾಯಿತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ನೀಡಲಾಯಿತು.

ನಿಮ್ಮ ಜಮೀನಿನ ಸರ್ವೆ ನಂಬರಿಗೆ ಒಂದು ಅರ್ಥವಿದೆ. ಹಿಸ್ಸಾ ಸಂಖ್ಯೆಯನ್ನು ನೋಡಿದರೆ ಭಾಗವಾದದ್ದು ತಿಳಿಯುತ್ತದೆ. ಆಧಾರ್ ಸಂಖ್ಯೆಗೆ ಇಂತಹ ಅರ್ಥವಿಲ್ಲ. ಊರು, ಜಾತಿ, ವಯಸ್ಸು, ಗಂಡು, ಹೆಣ್ಣು ಯಾವುದೂ ಅದರಿಂದ ತಿಳಿಯುವುದಿಲ್ಲ. ಮೊದಲ ಅಂಕಿ ಸೊನ್ನೆಯಾಗಲಿ ಒಂದಾಗಲಿ ಇರುವುದಿಲ್ಲ.

ಹನ್ನೆರಡನೆಯ ಅಂಕಿ ಮಾತ್ರ ವಿಶೇಷವಾದದ್ದು. ಹಿಂದಿನ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಪಡೆಯುತ್ತಾರೆ. ಈ ಲೆಕ್ಕದ ವಿಧಾನವನ್ನು ಡಚ್ ಗಣಿತಜ್ಞ ವೆರ್ಹೂಫ್ ಅವರು 1969ರಲ್ಲಿ ಪ್ರಕಟಿಸಿದರು. ಬರೆಯುವಾಗ ಒಂದು ಅಂಕಿ ತಪ್ಪಿದರೆ, ಅಥವಾ 47ರ ಬದಲು 74 ಎಂದು ಪಕ್ಕದ ಅಂಕಿಗಳು ಅದಲುಬದಲಾದರೆ ಲೆಕ್ಕ ತಾಳೆಯಾಗದೆ ಯಂತ್ರವು ಸಂಖ್ಯೆಯನ್ನು ತಿರಸ್ಕರಿಸುತ್ತದೆ. ಆದರೆ ನಿಮ್ಮ ಅರ್ಜಿಯಲ್ಲಿ ನಿಮ್ಮ ತಮ್ಮನ ಸಂಖ್ಯೆಯನ್ನು ಸರಿಯಾಗಿಯೇ ಬರೆದಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯಲಾರದು. ಆದ್ದರಿಂದ ಅರ್ಜಿ ತುಂಬಿದ ಮೇಲೆ ಹೆಸರು ಮತ್ತು ಸಂಖ್ಯೆ ಎರಡನ್ನೂ ಓದಿಸಿ ಕೇಳಿರಿ.

ಅಮೆರಿಕದಿಂದ ಒಂದು ಪಾಠ

ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯಿದೆಯ ಪ್ರಕಾರ 1936ರಿಂದ ಒಂಬತ್ತು ಅಂಕಿಗಳ ಸಂಖ್ಯೆಯನ್ನು ಕೊಡುತ್ತಾ ಬಂದಿದ್ದಾರೆ. 1938ರಲ್ಲಿ ಅಲ್ಲಿನ ಕೈಚೀಲದ ಕಾರ್ಖಾನೆಯೊಂದು ತನ್ನ ಚೀಲಗಳಲ್ಲಿ ಮಾದರಿ ಚೀಟಿಯೊಂದನ್ನು ಇಟ್ಟು ಮಾರಿತು. ಮಾದರಿ ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದರೂ ಅದರಲ್ಲಿದ್ದದ್ದು ಆ ಕಾರ್ಖಾನೆಯ ಉದ್ಯೋಗಿಯೊಬ್ಬರ ನಿಜವಾದ ಸಂಖ್ಯೆ. ಚೀಲ ಕೊಂಡವರಲ್ಲಿ ಹಲವರು ಅದು ತಮ್ಮದೇ ಸಂಖ್ಯೆ ಎಂದು ನಂಬಿ ಬಳಸತೊಡಗಿದರು. ಒಟ್ಟು 40,000ಕ್ಕೂ ಹೆಚ್ಚು ಜನ ಅದನ್ನು ಬರೆದುಕೊಟ್ಟರು. 1977ರಲ್ಲಿ ಕೂಡ ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು. ಸರ್ಕಾರ ಆ ಸಂಖ್ಯೆಯನ್ನೇ ರದ್ದುಪಡಿಸಬೇಕಾಯಿತು.

ಸಂಖ್ಯೆಯನ್ನು ಹೇಳಿದ ಮಾತ್ರಕ್ಕೆ ಹೇಳಿದವನೇ ಅದರ ಒಡೆಯನೆಂದು ಸಿದ್ಧವಾಗುವುದಿಲ್ಲ ಎಂಬುದು ಇದರಿಂದ ತಿಳಿಯುವ ಪಾಠ. ಬೀಜದ ಚೀಲಕ್ಕೆ ಕಟ್ಟಿದ ಚೀಟಿ ತಳಿಯ ಹೆಸರನ್ನು ಹೇಳುತ್ತದೆ. ಒಳಗಿನ ಬೀಜ ಮೊಳೆಯುವುದೋ ಇಲ್ಲವೋ ಎಂಬುದಕ್ಕೆ ಮೊಳಕೆ ಪರೀಕ್ಷೆಯೇ ಆಗಬೇಕು. ಆಧಾರ್ ಸಂಖ್ಯೆ ಚೀಟಿ ಇದ್ದಂತೆ. ಬೆರಳ ಗುರುತು, ಕಣ್ಣಿನ ಪಾಪೆ, ಮುಖ ಅಥವಾ ಮೊಬೈಲಿಗೆ ಬರುವ ಒಟಿಪಿ ಇವು ಪರೀಕ್ಷೆ ಇದ್ದಂತೆ. ಇವೆರಡರ ವ್ಯತ್ಯಾಸ ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಹಣ ಯಾವ ಖಾತೆಗೆ ಹೋಗುತ್ತದೆ?

ಆಧಾರ್ ಮೂಲಕ ಹಣ ಕಳುಹಿಸುವಾಗ ಇಲಾಖೆಯವರು ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ರಾಷ್ಟ್ರೀಯ ಪಾವತಿ ನಿಗಮದಲ್ಲಿ ಒಂದು ಪಟ್ಟಿ ಇದೆ. ಪ್ರತಿ ಆಧಾರ್ ಸಂಖ್ಯೆಯ ಎದುರು ಒಂದೇ ಒಂದು ಬ್ಯಾಂಕಿನ ಗುರುತು ಅದರಲ್ಲಿರುತ್ತದೆ. ಹಣವು ಆ ಬ್ಯಾಂಕಿಗೆ ಹೋಗಿ, ಅಲ್ಲಿಂದ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಕೊನೆಯದಾಗಿ ಜೋಡಿಸಿದ ಬ್ಯಾಂಕೇ ಪಟ್ಟಿಯಲ್ಲಿ ಉಳಿಯುತ್ತದೆ. ಸಹಕಾರಿ ಬ್ಯಾಂಕಿನಲ್ಲಿ ಕಂತು ಬರುತ್ತಿದ್ದವರು ಬೇರೊಂದು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಜೋಡಣೆಗೆ ಸಹಿ ಹಾಕಿದರೆ, ಮುಂದಿನ ಕಂತು ಹೊಸ ಖಾತೆಗೆ ಬೀಳುತ್ತದೆ. ಹಣ ಬರಲಿಲ್ಲವೆಂದು ದೂರುವ ಮುನ್ನ ನಿಮ್ಮ ಎಲ್ಲ ಪಾಸ್‌ಬುಕ್ಕುಗಳನ್ನೂ ಬರೆಸಿ ನೋಡಿರಿ.

ಇನ್ನೊಂದು ಅಂಶ: ಗುರುತಿಗಾಗಿ ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದರೆ ಸಾಲದು. ಸಹಾಯಧನ ಪಡೆಯಲು ಈ ಖಾತೆಯನ್ನು ಜೋಡಿಸಿ ಎಂದು ಪ್ರತ್ಯೇಕವಾಗಿ ಒಪ್ಪಿಗೆ ಬರೆದುಕೊಡಬೇಕು.

ಜಮೀನಿನ ದಾಖಲೆಯೊಡನೆ ಹೊಂದಾಣಿಕೆ

ನಮ್ಮ ರಾಜ್ಯದ ಫ್ರೂಟ್ಸ್ ತಂತ್ರಾಂಶವು ರೈತನ ಆಧಾರ್ ಸಂಖ್ಯೆಯನ್ನು ಭೂಮಿ ದಾಖಲೆಯ ಸರ್ವೆ ನಂಬರುಗಳಿಗೆ ಜೋಡಿಸಿ ಎಫ್‌ಐಡಿ ಎಂಬ ಗುರುತನ್ನು ಕೊಡುತ್ತದೆ. 2023ರ ಬರಗಾಲದ ಪರಿಹಾರಕ್ಕೆ ಈ ದಾಖಲೆಯನ್ನೇ ಆಧಾರವಾಗಿಟ್ಟುಕೊಳ್ಳಲಾಯಿತು. ನಾಲ್ಕು ಸರ್ವೆ ನಂಬರುಗಳಿದ್ದು ಎರಡನ್ನು ಮಾತ್ರ ಸೇರಿಸಿದ್ದರೆ, ಉಳಿದೆರಡು ಲೆಕ್ಕಕ್ಕೆ ಬರುವುದಿಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲೇ ಪಹಣಿ ಇರುವ ಕುಟುಂಬಗಳಿಗೆ ತೊಂದರೆ ಇನ್ನೂ ಹೆಚ್ಚು. ಆಧಾರ್ ಇರುವುದು ಬದುಕಿರುವ ಮಗನಿಗೆ, ಜಮೀನು ಇರುವುದು ತಂದೆಯ ಹೆಸರಿಗೆ. ಇವೆರಡನ್ನು ಯಾವ ಯಂತ್ರವೂ ಕೂಡಿಸಲಾರದು. ಪೌತಿ ಖಾತೆ ಮಾಡಿಸಿಕೊಳ್ಳುವುದೊಂದೇ ಇದಕ್ಕೆ ಪರಿಹಾರ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಿರಿ.

ಬೆರಳ ಗುರುತು ಸೇರದಿದ್ದಾಗ

ಗುದ್ದಲಿ, ಕುಡುಗೋಲು ಹಿಡಿದು ದುಡಿಯುವ ಕೈಯಲ್ಲಿ ಬೆರಳಿನ ರೇಖೆಗಳು ಸವೆಯುತ್ತವೆ. ಸುಣ್ಣ, ಸಿಮೆಂಟುಗಳಿಂದಲೂ ಚರ್ಮ ಕೆಡುತ್ತದೆ. ದಿನವಿಡೀ ಕೆಸರು ಗದ್ದೆಯಲ್ಲಿ ನಾಟಿ ಮಾಡಿದ ಬೆರಳು ಸುಕ್ಕುಗಟ್ಟಿರುತ್ತದೆ. ವಯಸ್ಸಾದವರಲ್ಲಿ ಚರ್ಮ ಸಡಿಲವಾಗಿರುತ್ತದೆ. ಯಂತ್ರ ಒಪ್ಪದಿದ್ದರೆ ಅದು ನಿಮ್ಮ ತಪ್ಪಲ್ಲ. ಕೆಳಗಿನ ಕ್ರಮಗಳನ್ನು ಅನುಸರಿಸಿರಿ:

1. ಕೈಯನ್ನು ಸೋಪಿನಿಂದ ತೊಳೆದು, ಚೆನ್ನಾಗಿ ಒರೆಸಿ ಬೆರಳನ್ನಿಡಿ. ಯಂತ್ರದ ಗಾಜನ್ನೂ ಒರೆಸಲು ಹೇಳಿ.
2. ಹೆಬ್ಬೆಟ್ಟನ್ನೇ ಮತ್ತೆ ಮತ್ತೆ ಒತ್ತದೆ ಉಳಿದ ಬೆರಳುಗಳನ್ನು ಪ್ರಯತ್ನಿಸಿ. ಚೆನ್ನಾಗಿ ಸೇರುವ ಬೆರಳನ್ನು ನೆನಪಿಡಿ.
3. ಆಧಾರ್ ಕೇಂದ್ರದಲ್ಲಿ ಬೆರಳ ಗುರುತನ್ನು ಹೊಸದಾಗಿ ಕೊಡಿ. ಕೆಲಸಕ್ಕೆ ಬಿಡುವಿರುವ ದಿನಗಳಲ್ಲಿ ರೇಖೆಗಳು ಮರಳಿ ಮೂಡುವುದರಿಂದ ಸುಗ್ಗಿ ಮುಗಿದ ಕೆಲವು ವಾರಗಳ ನಂತರ ಹೋಗುವುದು ಉತ್ತಮ.
4. ಮೊಬೈಲ್ ಸಂಖ್ಯೆಯನ್ನು ಜೋಡಿಸಿಡಿ. ಪಿಎಂ-ಕಿಸಾನ್ ದೃಢೀಕರಣವನ್ನು ಒಟಿಪಿ ಅಥವಾ ಮುಖದ ಗುರುತಿನಿಂದಲೂ ಮಾಡಬಹುದು.

ಬೆರಳು ಸೇರದ ಕಾರಣಕ್ಕೆ ಪಡಿತರವಿಲ್ಲವೆಂದು ಹೇಳಿದರೆ ಸುಮ್ಮನೆ ಹಿಂತಿರುಗಬೇಡಿ. ಇಂತಹ ಸಂದರ್ಭಗಳಲ್ಲಿ ಬೇರೆ ವಿಧಾನದಿಂದ ಗುರುತಿಸಿ ಸೌಲಭ್ಯ ಕೊಡಬೇಕೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿಯೇ ಸೂಚನೆ ಹೊರಡಿಸಿದೆ. ಸಂಖ್ಯೆಯೇ ಇನ್ನೂ ಸಿಗದವರಿಗೆ ಬದಲಿ ಗುರುತಿನ ಅವಕಾಶವನ್ನು 2016ರ ಆಧಾರ್ ಕಾಯಿದೆಯ 7ನೇ ಕಲಮು ಕಲ್ಪಿಸಿದೆ. ಆಧಾರ್ ವಿಚಾರವನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪಾಯಿತು. ಸಹಾಯಧನಕ್ಕೆ ಆಧಾರ್ ಕೇಳಬಹುದೆಂದು 2018ರಲ್ಲಿ ತೀರ್ಪಾಯಿತು.

ವಹಿಸಬೇಕಾದ ಎಚ್ಚರಿಕೆ

1. ಒಟಿಪಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ.
2. ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕೇ ಎಂದು ಕೇಳಿ.
3. ಬೆರಳೊತ್ತಿ ಹಣ ಪಡೆಯುವಾಗ ರಸೀದಿ ಕೇಳಿ. ಆಗಲಿಲ್ಲ, ಇನ್ನೊಮ್ಮೆ ಒತ್ತಿ ಎಂದರೆ ಮೊದಲು ಮೊಬೈಲ್ ಸಂದೇಶ ನೋಡಿ.
4. ಬೆರಳಿನಿಂದ ಹಣ ತೆಗೆಯುವ ರೂಢಿ ಇಲ್ಲದವರು ಪ್ರಾಧಿಕಾರದ ಜಾಲತಾಣದಲ್ಲಿ ಬೆರಳ ಗುರುತಿಗೆ ಬೀಗ ಹಾಕಿಸಬಹುದು. ಪಡಿತರಕ್ಕೂ ಗೊಬ್ಬರಕ್ಕೂ ಬೆರಳೊತ್ತುವ ಮೊದಲು ಅದನ್ನು ತೆರೆಯಬೇಕಾಗುತ್ತದೆ.
5. ಹಣ ಕಳವಾದರೆ ತಡಮಾಡದೆ ಬ್ಯಾಂಕಿಗೂ 1930 ದೂರವಾಣಿಗೂ ತಿಳಿಸಿ. ಆಧಾರ್ ಕುರಿತ ಸಂದೇಹಗಳಿಗೆ 1947ಕ್ಕೆ ಕರೆಮಾಡಿ.

ಆಧಾರ್, ಪಾಸ್‌ಬುಕ್ಕು, ಪಹಣಿ, ಎಫ್‌ಐಡಿ ಈ ನಾಲ್ಕರಲ್ಲಿಯೂ ಹೆಸರು ಒಂದೇ ರೀತಿ ಇದೆಯೇ, ಎಲ್ಲ ಸರ್ವೆ ನಂಬರುಗಳು ಸೇರಿವೆಯೇ, ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ನೋಡಿಕೊಳ್ಳಿರಿ. ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವಷ್ಟೇ ಇದೂ ಅಗತ್ಯ. ಓದು ಬಾರದ ನೆರೆಯವರ ಕಾಗದಗಳನ್ನೂ ಜೊತೆಯಲ್ಲೇ ನೋಡಿಕೊಟ್ಟರೆ ಅವರಿಗೂ ದೊಡ್ಡ ಉಪಕಾರವಾಗುತ್ತದೆ.