ಕಾದಂಬರಿ ಬರೆಯುವವರು ಎಲ್ಲಿಂದ ಬರ್ತಾರೆ?



ನಮ್ಮ ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡಿ ಅಂದ ಕೂಡಲೇ ಬಹಳ ಜನ ಹೇಳುವ ಮಾತು ಒಂದೇ: "ನಮಗೆಲ್ಲಿ ಬರುತ್ತೆ? ಅದೆಲ್ಲಾ ದೊಡ್ಡ ಓದು ಓದಿದವರ ಕೆಲಸ." ಇನ್ನು ಕೆಲವರು ಹುರುಪಿನಿಂದ ಶುರು ಮಾಡ್ತಾರೆ. ಎರಡು ಪುಟ ಆಗುತ್ತಲೇ ಬೇಜಾರು ಬಂದು ನೋಟ್ ಬುಕ್ ಮುಚ್ಚಿಡ್ತಾರೆ. ಹಾಗಾದರೆ ಮುನ್ನೂರು ನಾನೂರು ಪುಟದ ಕಾದಂಬರಿ ಬರೆಯುವವರು ಎಂಥವರು? ಅವರು ಹುಟ್ಟುವಾಗಲೇ ಲೇಖನಿ ಹಿಡಿದು ಹುಟ್ಟಿದರೇ? ಅವರಿಗೆ ಬೇಜಾರೇ ಬರೋದಿಲ್ಲವೇ?

ಈ ಪ್ರಶ್ನೆಗಳಿಗೆ ನಮ್ಮ ಕನ್ನಡದ ಕಾದಂಬರಿಕಾರರ ಜೀವನದಲ್ಲೇ ಉತ್ತರ ಇದೆ. ಮುಖ್ಯವಾಗಿ ಇಬ್ಬರ ಕಥೆ ನೋಡೋಣ. ಒಬ್ಬರು ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. ಇನ್ನೊಬ್ಬರಿಗೆ ಶಾಲೆಯಲ್ಲಿ ಸಿಕ್ಕಿದ್ದು ಏಳೇ ವರ್ಷದ ಓದು.

ಮೊದಲು, ಕಾದಂಬರಿ ಅಂದರೆ ಏನು?

ಅಜ್ಜಿ ಹೇಳುವ ಕಥೆ ಒಂದು ರಾತ್ರಿಯಲ್ಲಿ ಮುಗಿಯುತ್ತೆ. ಸಣ್ಣ ಕಥೆ ಒಂದೇ ಸಲ ಕೂತು ಓದಿ ಮುಗಿಸಬಹುದು. ಕಾದಂಬರಿ ಹಾಗಲ್ಲ. ಅದು ಗದ್ಯದಲ್ಲಿ ಬರೆದ ದೊಡ್ಡ ಕಥೆ. ಅದರಲ್ಲಿ ಒಬ್ಬ ಮನುಷ್ಯನ ಇಡೀ ಬದುಕು ಬರಬಹುದು, ಒಂದು ಮನೆತನದ ಮೂರು ತಲೆಮಾರು ಬರಬಹುದು, ಒಂದು ಊರೇ ಬರಬಹುದು. ಹೀಗಾಗಿ ಅದನ್ನು ಬರೆಯುವವರಿಗೆ ಎರಡು ಬಂಡವಾಳ ಬೇಕು. ಒಂದು, ಜನರನ್ನು ಹತ್ತಿರದಿಂದ ನೋಡಿದ ಅನುಭವ. ಎರಡು, ದಿನಗಟ್ಟಲೆ ಕೂತು ಬರೆಯುವ ತಾಳ್ಮೆ. ಇವೆರಡೂ ಅಂಗಡಿಯಲ್ಲಿ ಸಿಗೋದಿಲ್ಲ. ಹಾಗೇ, ಇವು ಪಟ್ಟಣದವರಿಗೆ ಮಾತ್ರ ಸಿಗುವ ವಸ್ತುಗಳೂ ಅಲ್ಲ.

ಕೋಟದ ಹುಡುಗ ಕಾರಂತರಾದದ್ದು

ಡಾ. ಕೋಟ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟ ಎಂಬ ಊರಿನಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಕಾರಂತರು ಕಾಲೇಜು ಬಿಟ್ಟು ಚಳವಳಿಗೆ ಸೇರಿದರು. ಖಾದಿ, ಸ್ವದೇಶಿ ಪ್ರಚಾರ ಅಂತ ಹಳ್ಳಿ ಹಳ್ಳಿ ತಿರುಗಿದರು. 'ವಸಂತ' ಅನ್ನುವ ಮಾಸಪತ್ರಿಕೆ ನಡೆಸಿದರು. "ಕೋಶ ಓದು, ದೇಶ ಸುತ್ತು" ಅಂತ ಗಾದೆ ಇದೆಯಲ್ಲ, ಅವರು ಎರಡನ್ನೂ ಮಾಡಿದರು.

ಅವರು ಬರೆಯಲು ಶುರು ಮಾಡಿದ್ದು 1924ರ ಹೊತ್ತಿಗೆ. ಮೊದಲ ಪುಸ್ತಕ ಕಾದಂಬರಿಯಲ್ಲ, ಪದ್ಯಗಳ ಪುಸ್ತಕ. ಆಮೇಲೆ 'ವಿಚಿತ್ರಕೂಟ' ಎಂಬ ಕಾದಂಬರಿ ಬಂತು. ಇವತ್ತು ಆ ಮೊದಲ ಪುಸ್ತಕಗಳ ಹೆಸರು ಬಹಳ ಜನರಿಗೆ ಗೊತ್ತಿಲ್ಲ. ಎಲ್ಲರಿಗೂ ಗೊತ್ತಿರೋದು 1933ರಲ್ಲಿ ಬಂದ 'ಚೋಮನ ದುಡಿ'. ಲೆಕ್ಕ ಹಾಕಿ ನೋಡಿ: ಮಧ್ಯೆ ಒಂಬತ್ತು ವರ್ಷ ಆಯಿತು! ಆ ಒಂಬತ್ತು ವರ್ಷವೂ ಅವರು ಬರೆಯುತ್ತಲೇ ಇದ್ದರು. "ಹಾಡ್ತಾ ಹಾಡ್ತಾ ರಾಗ" ಅನ್ನೋದು ಇದಕ್ಕೇ. ಮೊದಲು ಬರೆದದ್ದು ಯಾರ ಮನಸ್ಸಿನಲ್ಲೂ ಉಳಿಯದೆ ಹೋಗಬಹುದು. ಆದರೆ ಆಮೇಲೆ ಬರುವ ಒಳ್ಳೆಯದಕ್ಕೆ ಅದೇ ಮೆಟ್ಟಿಲು.

'ಚೋಮನ ದುಡಿ'ಯಲ್ಲಿ ಏನಿದೆ? ಚೋಮ ಅಸ್ಪೃಶ್ಯನೆಂದು ಊರು ದೂರ ಇಟ್ಟಿದ್ದ ಜಾತಿಯ ಜೀತದಾಳು. ಅವನ ಹತ್ತಿರ ಒಂದು ಜೊತೆ ಎತ್ತು ಇದೆ. ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕು ಅನ್ನೋದು ಅವನ ಆಸೆ. ಆದರೆ ಅವನ ಜಾತಿಯವರು ಗದ್ದೆ ಮಾಡಿಕೊಳ್ಳುವ ಹಾಗಿಲ್ಲ ಅನ್ನುವುದು ಆಗಿನ ಕಟ್ಟಳೆ. ಸಿಟ್ಟು, ಸಂಕಟ ಎಲ್ಲವನ್ನೂ ಅವನು ದುಡಿ ಬಾರಿಸಿ ತೀರಿಸಿಕೊಳ್ತಾನೆ. ಕಾರಂತರು ಹುಟ್ಟಿದ್ದು ಬ್ರಾಹ್ಮಣ ಮನೆತನದಲ್ಲಿ. ಮನೆಯ ಜಗಲಿಯಲ್ಲೇ ಕೂತಿದ್ದರೆ ಚೋಮನಂಥವರ ನೋವು ಅವರಿಗೆ ಕಾಣುತ್ತಿರಲಿಲ್ಲ. ಜನರ ನಡುವೆ ತಿರುಗಿದ್ದಕ್ಕೆ ಕಂಡಿತು. ಕಂಡದ್ದನ್ನು ಮುಚ್ಚಿಡದೆ ಬರೆದರು. ಈ ಕಥೆಯನ್ನು ಬಿ. ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರ ಎಂಬ ಸ್ವರ್ಣಕಮಲ ಪ್ರಶಸ್ತಿ ಬಂತು.

ಇಲ್ಲಿ ನಾವು ತಿಳಿಯಬೇಕಾದ್ದು ಏನೆಂದರೆ, ಕಥೆಯ ವಸ್ತು ದೂರದಲ್ಲಿಲ್ಲ. ನಮ್ಮ ಪಕ್ಕದ ಗದ್ದೆಯಲ್ಲೇ ಇರುತ್ತೆ. ನೋಡುವ ಕಣ್ಣು, ಕೇಳುವ ಕಿವಿ ಬೇಕು ಅಷ್ಟೆ.

ಎಪ್ಪತ್ತು ವರ್ಷ ಬರೆದರೂ ಬೇಸರ ಬರಲಿಲ್ಲವೇ?

ಕಾರಂತರು ಬರೆದ ಕಾದಂಬರಿಗಳು 47. 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಅಳಿದ ಮೇಲೆ' ಎಲ್ಲ ಅವರವೇ. 'ಮೂಕಜ್ಜಿಯ ಕನಸುಗಳು' ಬಂದಿದ್ದು 1968ರಲ್ಲಿ. ಆಗ ಅವರಿಗೆ 66 ವರ್ಷ. ನೌಕರಿ ಮಾಡಿದವರು ನಿವೃತ್ತಿಯಾಗಿ ಮನೆಯಲ್ಲಿ ಕೂರುವ ವಯಸ್ಸು! ಅದೇ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು.

ಇಷ್ಟು ಬರೆದೂ ದಣಿಯದೆ ಇದ್ದದ್ದು ಹೇಗೆ? ಅವರ ಬದುಕನ್ನು ನೋಡಿದರೆ ಒಂದು ಗುಟ್ಟು ಗೊತ್ತಾಗುತ್ತೆ. ಅವರು ಬರೀ ಕಾದಂಬರಿ ಬರೆಯುತ್ತಾ ಕೂರಲಿಲ್ಲ. ಯಕ್ಷಗಾನ ಕಲಿತರು, ಕುಣಿದರು, ಅದರ ಮೇಲೆ ಪುಸ್ತಕ ಬರೆದರು. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಪುತ್ತೂರಿನಲ್ಲಿ ಬಾಲವನ ಮಾಡಿ ಮಕ್ಕಳಿಗೆ ಕಲಿಸಿದರು. ಮಕ್ಕಳಿಗಾಗಿ 'ಬಾಲಪ್ರಪಂಚ' ಎಂಬ ಮೂರು ಸಂಪುಟ, ಆಮೇಲೆ 'ವಿಜ್ಞಾನ ಪ್ರಪಂಚ' ಎಂಬ ನಾಲ್ಕು ಸಂಪುಟ ಬರೆದರು. ಒಂದು ಮಂಡಳಿ ಸೇರಿ ಮಾಡುವ ಕೆಲಸವನ್ನು ಒಬ್ಬರೇ ಮಾಡಿದರು. ಮೂಕಿ ಸಿನಿಮಾ ತೆಗೆದರು, ನಿಘಂಟು ಮಾಡಿದರು, ಮುದ್ರಣಾಲಯ ನಡೆಸಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಎಷ್ಟು ಸರಿಯಾದ ಹೆಸರು ಅಲ್ವಾ?

ರೈತರು ಒಂದೇ ಹೊಲದಲ್ಲಿ ಒಂದು ಸಲ ರಾಗಿ, ಇನ್ನೊಂದು ಸಲ ಅವರೆ, ಹುರುಳಿ ಹಾಕ್ತಾರೆ. ಬೆಳೆ ಬದಲಾಯಿಸಿದರೆ ಮಣ್ಣು ಸೋಲೋದಿಲ್ಲ. ಮನಸ್ಸೂ ಹಾಗೇ. ಬರೆಯೋದು ಬೇಜಾರಾದಾಗ ಬೇರೆ ಏನಾದರೂ ಕಲಿತರೆ, ಆ ಕಲಿತದ್ದೇ ಮುಂದೆ ಬರವಣಿಗೆಗೆ ಗೊಬ್ಬರ ಆಗುತ್ತೆ. ಕಾರಂತರು ಬದುಕಿನ ಕೊನೆಯ ವರ್ಷಗಳಲ್ಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. 1997ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರಿಗೆ 95 ವರ್ಷ.

ಏಳು ವರ್ಷ ಓದಿದ ಇಂದಿರಾ ಅವರು

ಈಗ ಎರಡನೇ ಕಥೆ. ಇದನ್ನು ನಮ್ಮ ಹುಡುಗಿಯರು ಮನಸ್ಸಿಟ್ಟು ಓದಬೇಕು. ಹುಡುಗರೂ ಓದಬೇಕು.

ಎಂ. ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ಮಲೆನಾಡಿನ ತೀರ್ಥಹಳ್ಳಿಯಲ್ಲಿ. ಶಾಲೆಗೆ ಹೋಗಿದ್ದು ಏಳೇ ವರ್ಷ. ಹನ್ನೆರಡನೇ ವಯಸ್ಸಿಗೆ ಮದುವೆ ಮಾಡಿದರು. ಅಂದರೆ ನಮ್ಮ ಏಳನೇ ತರಗತಿಯ ಹುಡುಗಿಯರ ವಯಸ್ಸು! ಅಲ್ಲಿಗೆ ಓದು ಮುಗಿಯಿತು, ಇನ್ನು ಒಲೆ, ಪಾತ್ರೆ, ಸಂಸಾರ ಅಂತ ಆಗಿನ ಜನ ಅಂದುಕೊಂಡಿರಬೇಕು. ಆದರೆ ನಿಂತದ್ದು ಶಾಲೆ ಮಾತ್ರ, ಓದಲ್ಲ. ಅವರು ಕನ್ನಡ ಕಾವ್ಯ ಓದಿಕೊಂಡರು, ಹಿಂದಿ ಸಾಹಿತ್ಯವನ್ನೂ ತಿಳಿದುಕೊಂಡರು.

ಕಾದಂಬರಿ ಬರೆಯಲು ಕೂತಾಗ ಅವರಿಗೆ 45 ವರ್ಷ. ಹನ್ನೆರಡರಿಂದ ನಲವತ್ತೈದು ಅಂದರೆ 33 ವರ್ಷ. ಅಷ್ಟು ವರ್ಷ ಮನೆಯೊಳಗೆ ನೋಡಿದ್ದು, ಕೇಳಿದ್ದು ಎಲ್ಲಾ ಅವರ ಮನಸ್ಸಿನಲ್ಲಿ ಕಣಜದ ಧಾನ್ಯದ ಹಾಗೆ ಸೇರಿಕೊಂಡಿತ್ತು. ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಪ್ರಕಟವಾಯಿತು. ಆಮೇಲೆ 'ಸದಾನಂದ', 'ನವರತ್ನ', 'ಗೆಜ್ಜೆ ಪೂಜೆ' ಹೀಗೆ ಒಂದಾದ ಮೇಲೊಂದು ಬಂದವು. 'ಗೆಜ್ಜೆ ಪೂಜೆ'ಯನ್ನು ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದರು.

ಅವರ 'ಫಣಿಯಮ್ಮ' 1976ರಲ್ಲಿ ಬಂತು. ಇದು ಕಲ್ಪನೆಯಿಂದಲೇ ಕಟ್ಟಿದ ಕಥೆಯಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಬೇರೆಯವರ ಮನೆ ಕೆಲಸ ಮಾಡುತ್ತಾ ನೂರು ವರ್ಷ ದಾಟಿ ಬದುಕಿದ ಒಬ್ಬ ಹೆಂಗಸಿನ ಕಥೆ. ಆಕೆ ತನ್ನ ಬದುಕನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದರು. ಮಗುವಾಗಿದ್ದಾಗ ಕಿವಿಗೆ ಬಿದ್ದ ಆ ಮಾತನ್ನು ಇಂದಿರಾ ಮರೆಯಲಿಲ್ಲ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಬ್ಬ ಅಜ್ಜಿಯ ಬದುಕು ಇವತ್ತು ಇಂಗ್ಲಿಷಿಗೂ ಹೋಗಿದೆ, ಸಿನಿಮಾನೂ ಆಗಿದೆ. ಇಂದಿರಾ ಅವರು ಬರೆಯದೆ ಇದ್ದಿದ್ದರೆ? ಆ ಅಜ್ಜಿಯ ಜೊತೆಗೇ ಆ ಕಥೆಯೂ ಮಣ್ಣಾಗಿ ಹೋಗುತ್ತಿತ್ತು.

ನಮ್ಮ ಊರಿನಲ್ಲೂ ಅಂಥ ಅಜ್ಜಿಯರು ಇದ್ದಾರೆ. ಅವರ ಮಾತು ಕೇಳುವವರು ಯಾರು? ಯೋಚಿಸಿ.

ಭಾಷೆ ಯಾವುದು? ಹೊಟ್ಟೆಗೇನು?

ಕುವೆಂಪು ಅವರು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಬೆಳೆದವರು. ಮೈಸೂರಿನಲ್ಲಿ ಓದುವಾಗ ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅವುಗಳನ್ನು ತೋರಿಸಿದರು. ನಿನ್ನ ತಾಯ್ನುಡಿಯಲ್ಲಿ ಬರೆ ಎಂಬ ಸಲಹೆ ಆ ಕವಿಯಿಂದ ಬಂತು. ಆ ಮಾತಿನಿಂದ ಕುವೆಂಪು ಅವರ ದಾರಿ ಬದಲಾಯಿತು. ಮುಂದೆ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಎಂಬ ದೊಡ್ಡ ಕಾದಂಬರಿಗಳು ಬಂದವು. ಮನೆಯಲ್ಲಿ ಆಡುವ ಮಾತೇ ಬರವಣಿಗೆಗೆ ಗಟ್ಟಿ ಬುನಾದಿ.

ಬರೆದರೆ ದುಡ್ಡು ಬರುತ್ತಾ ಅಂತ ಕೆಲವರು ಕೇಳ್ತಾರೆ. ನಿಜ ಹೇಳಬೇಕು. ಬರವಣಿಗೆಯನ್ನೇ ನಂಬಿ ಸಂಸಾರ ನಡೆಸೋದು ಸುಲಭವಲ್ಲ. ಈಗಿನ ಹಾವೇರಿ ಜಿಲ್ಲೆಯ ಗಳಗನಾಥರು (1869–1942) ಶಾಲಾ ಮಾಸ್ತರರಾಗಿದ್ದವರು. ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಅಂತ ಕರೀತಾರೆ. ಅಂಥವರೂ ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುಗರು ಬರಲಿ ಅಂತ ಕಾಯಲಿಲ್ಲ, ಓದುಗರ ಬಾಗಿಲಿಗೇ ಹೋದರು. ಹಾಗಾಗಿ ಉದ್ಯೋಗ ಬೇರೆ ಇರಲಿ, ಬರವಣಿಗೆ ಜೊತೆಗಿರಲಿ. ಕಾರಂತರು ಕಾಲೇಜು ಬಿಟ್ಟರು ಅಂತ ನಾವೂ ಶಾಲೆ ಬಿಡೋಣ ಅನ್ನಬೇಡಿ! ಅವರು ಕಾಲೇಜು ಬಿಟ್ಟರೇ ಹೊರತು ಪುಸ್ತಕ ಬಿಡಲಿಲ್ಲ.

ಉತ್ಸಾಹ ಆರದ ಹಾಗೆ ನಾವೇನು ಮಾಡಬಹುದು?

1. ದಿನಕ್ಕೆ ಒಂದೇ ಪುಟ ಬರೆಯಿರಿ. ವರ್ಷಕ್ಕೆ 365 ಪುಟ ಆಗುತ್ತೆ. 200 ಪುಟದ ನೋಟ್ ಬುಕ್ ಒಂದು ತುಂಬಿ, ಇನ್ನೊಂದೂ ತುಂಬುತ್ತಾ ಬಂದಿರುತ್ತೆ. ಹನಿ ಹನಿ ಕೂಡಿದರೆ ಹಳ್ಳ.

2. ಮನಸ್ಸು ಬಂದಾಗ ಬರೆಯೋಣ ಅಂತ ಕಾಯಬೇಡಿ. ಹಾಲು ಕರೆಯೋಕೆ, ನೀರು ತರೋಕೆ ಹೊತ್ತು ಇರುವ ಹಾಗೆ ಬರೆಯೋಕೂ ಒಂದು ಹೊತ್ತು ಇಟ್ಟುಕೊಳ್ಳಿ.

3. ಬರೆಯಲು ಏನೂ ತೋಚದಿದ್ದರೆ ಹಿರಿಯರ ಹತ್ತಿರ ಒಂದು ಪ್ರಶ್ನೆ ಕೇಳಿ: "ನೀವು ಚಿಕ್ಕವರಿದ್ದಾಗ ಈ ಊರು ಹೇಗಿತ್ತು?" ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.

4. ಬರೆದದ್ದನ್ನು ಒಬ್ಬ ಗೆಳೆಯನಿಗೋ ಗೆಳತಿಗೋ ಓದಿ ಹೇಳಿ. ಕೇಳುವವರು "ಆಮೇಲೆ ಏನಾಯ್ತು?" ಅಂದರೆ ಸಾಕು, ಮುಂದಿನ ಪುಟ ತಾನೇ ಬರುತ್ತೆ.

5. ಚೆನ್ನಾಗಿಲ್ಲ ಅಂತ ಹರಿದು ಹಾಕಬೇಡಿ. ತಾರೀಕು ಹಾಕಿ ಇಟ್ಟುಕೊಳ್ಳಿ. ಮುಂದಿನ ವರ್ಷ ಓದಿದರೆ ನಾವು ಎಷ್ಟು ಬೆಳೆದಿದ್ದೇವೆ ಅಂತ ನಮಗೇ ತಿಳಿಯುತ್ತೆ.

ಕಾದಂಬರಿ ಬರೆಯುವವರು ಆಕಾಶದಿಂದ ಇಳಿದು ಬರೋದಿಲ್ಲ. ಕೋಟದಿಂದ ಬಂದರು, ತೀರ್ಥಹಳ್ಳಿಯಿಂದ ಬಂದರು, ಗಳಗನಾಥದಿಂದ ಬಂದರು. ನಮ್ಮ ಊರಿನಿಂದಲೂ ಯಾಕೆ ಬರಬಾರದು?

ಉತ್ತರ ಹೇಳಿ ನೋಡೋಣ (ಉತ್ತರಗಳು ಮೇಲಿನ ಲೇಖನದಲ್ಲೇ ಇವೆ)

ಅ) ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಯಾವುದು?
ಆ) ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದ ಇಸವಿ ಯಾವುದು?
ಇ) ತಮ್ಮ ಪುಸ್ತಕಗಳನ್ನು ಊರೂರು ಹೊತ್ತು ಮಾರಿದ ಕಾದಂಬರಿಕಾರರು ಯಾರು?
ಈ) ನಿಮ್ಮ ಮೊದಲ ಪುಟ ಯಾವಾಗ ಬರೀತೀರಿ? (ಈ ಉತ್ತರ ಮಾತ್ರ ಲೇಖನದಲ್ಲಿಲ್ಲ. ನೀವೇ ಬರೆದು ಮುಂದಿನ ಸಂಚಿಕೆಗೆ ಕೊಡಿ.)