ನೀರಿನಲ್ಲಿ ಕರಗದ ಮದ್ದು

ರೋಗಕ್ಕೆ ತಕ್ಕ ಮದ್ದು ದೊರೆತ ಮಾತ್ರಕ್ಕೆ ವೈದ್ಯರ ಕಷ್ಟ ತೀರಿತೆಂದು ನಾವು ಭಾವಿಸುತ್ತೇವೆ. ಆದರೆ ರಕ್ತದ ಬಹುಭಾಗ ನೀರು. ನೀರಿನಲ್ಲಿ ಕರಗದ ಮದ್ದನ್ನು ರಕ್ತನಾಳಕ್ಕೆ ಹಾಗೆಯೇ ಚುಚ್ಚುವಂತಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಅಮೆರಿಕದ ಯೂ ಮರದ ತೊಗಟೆಯಿಂದ ಇದನ್ನು ಬೇರ್ಪಡಿಸಿ, 1971ರಲ್ಲಿ ಇದರ ರಚನೆಯನ್ನು ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಅವರೊಡನೆ ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾಣಿಯವರೂ ಇದ್ದರು. ಜೀವಕೋಶಗಳು ಇಬ್ಭಾಗವಾಗಿ ಬೆಳೆಯುವುದನ್ನು ತಡೆಯುವ ಈ ಮದ್ದು ನೀರಿಗೆ ಮಾತ್ರ ಒಗ್ಗದು. ಆದುದರಿಂದ ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರವದಲ್ಲಿ, ಮದ್ಯಸಾರವನ್ನೂ ಬೆರೆಸಿ, ಕರಗಿಸಬೇಕಾಯಿತು. (ನಮ್ಮ ಅಜ್ಜಿಯರು ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ಬೇರೆ, ಇದು ಬೇರೆ!) ಈ ದ್ರವ ಮೈಗೆ ಹೊಂದದೆ ಕೆಲವು ರೋಗಿಗಳಿಗೆ ಉಸಿರು ಕಟ್ಟುವುದೂ ರಕ್ತದೊತ್ತಡ ಕುಸಿಯುವುದೂ ಉಂಟು. ಅದನ್ನು ತಡೆಯಲು ಮುಂಚೆಯೇ ಸ್ಟೀರಾಯ್ಡು ಮೊದಲಾದವನ್ನು ಕೊಟ್ಟು, ಸಾಮಾನ್ಯವಾಗಿ ಮೂರು ಗಂಟೆಗಳ ಕಾಲ ಹನಿಹನಿಯಾಗಿ ಹರಿಸಬೇಕು. ಗುಣಪಡಿಸಲೆಂದು ಬಂದ ಮದ್ದಿನ ವಾಹನವೇ ರೋಗಿಯನ್ನು ಹಾಯ್ದಂತಾಯಿತು.

ಹಾಗಾದರೆ ವಾಹನವನ್ನೇ ಬದಲಾಯಿಸಬಾರದೇಕೆ? ನಮ್ಮ ರಕ್ತದಲ್ಲಿ ಆಲ್ಬುಮಿನ್ ಎಂಬ ಸಸಾರಜನಕವಿದೆ. ನೀರಿಗೆ ಒಗ್ಗದ ಕೊಬ್ಬಿನ ಆಮ್ಲಗಳನ್ನು ಹೊತ್ತು ಸಾಗಿಸುವುದು ಅದರ ಕಸುಬುಗಳಲ್ಲೊಂದು. ಮಾರತ್ತಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ನನಗೆ ಇದು ರಕ್ತದೊಳಗಿನ ಬಸ್ಸೆಂದೇ ತೋರುತ್ತದೆ: ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ.

ಈ ಬಸ್ಸಿಗೆ ಮದ್ದನ್ನು ಹತ್ತಿಸುವ ಬಗೆ ಸ್ವಾರಸ್ಯವಾದುದು. ಮೊದಲು ಮದ್ದನ್ನು ಕ್ಲೋರೋಫಾರಮ್ಮಿನಂಥ ದ್ರಾವಕದಲ್ಲಿ ಕರಗಿಸುತ್ತಾರೆ. ಅದನ್ನು ಆಲ್ಬುಮಿನ್ ಬೆರೆತ ನೀರಿಗೆ ಸೇರಿಸಿ, ಭಾರಿ ಒತ್ತಡದಿಂದ ಕಿರಿದಾದ ಸಂದಿಯಲ್ಲಿ ನುಗ್ಗಿಸುತ್ತಾರೆ. ದ್ರಾವಕವು ಅತಿಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಪ್ರತಿಯೊಂದು ಹನಿಯನ್ನೂ ಆಲ್ಬುಮಿನ್ ಮುತ್ತಿಕೊಳ್ಳುತ್ತದೆ. ಬಳಿಕ ದ್ರಾವಕವನ್ನು ಆವಿಯಾಗಿಸಿ ತೆಗೆದರೆ ಮದ್ದನ್ನೊಳಗೊಂಡ ಗೋಳಗಳು ಉಳಿಯುತ್ತವೆ. ಒಂದೊಂದರ ಅಡ್ಡಳತೆ ಸುಮಾರು 130 ನ್ಯಾನೋಮೀಟರು; ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ! ಇವನ್ನು ಒಣಗಿಸಿದ ಪುಡಿಯಾಗಿ ಸೀಸೆಯಲ್ಲಿಟ್ಟು, ಬೇಕಾದಾಗ ಉಪ್ಪುನೀರಿನಲ್ಲಿ ಕದಡಿದರೆ ಹಾಲಿನಂಥ ದ್ರವ ಸಿದ್ಧವಾಗುತ್ತದೆ. ಮದ್ದು ಕರಗಿಲ್ಲ, ಆದರೂ ನೀರಿನೊಡನೆ ಸಾಗಬಲ್ಲದು.

ಅಬ್ರಾಕ್ಸೇನ್ ಎಂಬ ಹೆಸರಿನಲ್ಲಿ ಇದಕ್ಕೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದ ಮಾರುಕಟ್ಟೆಗೆ 2008ರಲ್ಲಿ ತಂದದ್ದು ನಮ್ಮ ಬೆಂಗಳೂರಿನದೇ ಆದ ಬಯೋಕಾನ್ ಸಂಸ್ಥೆ. ಮೂರು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು. ಮೈಯ ಒಂದು ಚದರ ಮೀಟರಿಗೆ 175 ಮಿಲಿಗ್ರಾಮ್ ಇದ್ದ ಪ್ರಮಾಣವನ್ನು ಸ್ತನ ಕ್ಯಾನ್ಸರಿನಲ್ಲಿ 260ಕ್ಕೆ ಏರಿಸಲು ಸಾಧ್ಯವಾಯಿತು. ಇದನ್ನು ಪವಾಡವೆಂದು ಹೊಗಳಲು ನಾನು ಸಿದ್ಧನಿಲ್ಲ. ಮದ್ದು ಅದೇ ಆದುದರಿಂದ ಕೂದಲು ಉದುರುವುದು ತಪ್ಪಲಿಲ್ಲ. ಪ್ರಮಾಣ ಹೆಚ್ಚಿದಂತೆ ಕೈಕಾಲುಗಳ ಜೋಮು ಹೆಚ್ಚಿತು. ಬೆಲೆಯೂ ಹೆಚ್ಚು. ಹರಳೆಣ್ಣೆಯ ಹಳೆಯ ದ್ರಾವಣ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.