ರಿಫ್ಟ್ ಕಣಿವೆ ಜ್ವರ: ಮೂರು ತುಣುಕಿನ ವೈರಸ್ಸಿನ ಒಳರಚನೆ

1930ರಲ್ಲಿ ಕೀನ್ಯಾದ ರಿಫ್ಟ್ ಕಣಿವೆಯಲ್ಲಿ, ನೈವಾಶಾ ಸರೋವರದ ಬಳಿಯ ಒಂದು ಫಾರ್ಮಿನಲ್ಲಿ ಕುರಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯತೊಡಗಿದವು. ಗಬ್ಬದ ಕುರಿಗಳು ಒಂದರ ಹಿಂದೆ ಒಂದು ಕಂದು ಹಾಕಿದವು. ಸತ್ತ ಮರಿಗಳನ್ನು ಕೊಯ್ದು ನೋಡಿದರೆ ಯಕೃತ್ತು ಹಾಳಾಗಿರುತ್ತಿತ್ತು. ಮಂದೆಯನ್ನು ಸೊಳ್ಳೆ ಕಡಿಮೆಯಿರುವ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋದಾಗ ಸಾವು ತಗ್ಗಿತು. ವಿಜ್ಞಾನಿ ಡಾಬ್ನಿ ಮತ್ತು ಅವರ ಸಂಗಡಿಗರು 1931ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ವೈರಸ್ ರೋಗವೆಂದು ಗುರುತಿಸಿ, ಆ ಕಣಿವೆಯ ಹೆಸರನ್ನೇ ಇಟ್ಟರು. ಮುಂದೆ ಇದೇ ವೈರಸ್ 1977ರಲ್ಲಿ ಈಜಿಪ್ಟಿಗೂ 2000ದಲ್ಲಿ ಸೌದಿ ಅರೇಬಿಯಾ ಮತ್ತು ಯೆಮನ್‌ಗೂ ಹಬ್ಬಿ ಮನುಷ್ಯರನ್ನೂ ಬಲಿ ತೆಗೆದುಕೊಂಡಿತು.

ಇಷ್ಟು ಅನಾಹುತ ಮಾಡುವ ಕಣದ ಅಡ್ಡಳತೆ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಹೊರಗೆ ಕೊಬ್ಬಿನ ಪೊರೆ ಇದೆ. ಅದನ್ನು ವೈರಸ್ ಸೋಂಕಿದ ಜೀವಕೋಶದಿಂದಲೇ ಹೊದ್ದುಕೊಂಡು ಬಂದಿರುತ್ತದೆ. ಆ ಪೊರೆಯಿಂದ ಜಿಎನ್ ಮತ್ತು ಜಿಸಿ ಎಂಬ ಎರಡು ಪ್ರೋಟೀನುಗಳು ಜೋಡಿಜೋಡಿಯಾಗಿ ಎದ್ದು ನಿಂತಿವೆ. ಅವು ನಿಲ್ಲುವ ಕ್ರಮ ಫುಟ್‌ಬಾಲ್ ಚೆಂಡಿನ ಹೊಲಿಗೆಯಂತೆ: ಆರು ಜೋಡಿಗಳ ಗುಂಪು 110, ನಡುನಡುವೆ ಐದು ಜೋಡಿಗಳ ಗುಂಪು 12. ಲೆಕ್ಕ ಹಾಕಿದರೆ 660 ಮತ್ತು 60, ಒಟ್ಟು 720 ಜೋಡಿ. ಇದೇ ಬಗೆಯ ಎಷ್ಟೋ ವೈರಸ್‌ಗಳ ಮೈ ಅಂಕುಡೊಂಕಾಗಿರುವಾಗ ಇದರದು ಇಷ್ಟು ಅಚ್ಚುಕಟ್ಟಾಗಿದೆ. ಪೊರೆಯ ಒಳಮೈಗೆ ಆನಿಸಿದ ಬೇರೆ ಪ್ರೋಟೀನ್ ಪದರವೂ ಇದಕ್ಕಿಲ್ಲ. ಜಿಎನ್, ಜಿಸಿಗಳ ಬಾಲಗಳೇ ಒಳಗಿನ ಸರಕನ್ನು ಹಿಡಿದುಕೊಳ್ಳುತ್ತವೆ.

ಈ ಜೋಡಿಯ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಜಿಸಿಯ ತುದಿಯಲ್ಲಿ ಕೊಬ್ಬಿಗೆ ಚುಚ್ಚಿಕೊಳ್ಳುವ ಕುಣಿಕೆ ಇದೆ. ಹೊರಗಿರುವಾಗ ಜಿಎನ್ ಅದನ್ನು ಮುಚ್ಚಿಟ್ಟಿರುತ್ತದೆ. ಕುರಿಯ ಜೀವಕೋಶ ವೈರಸ್ಸನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲ ಒಳಹೋದಂತೆ ಅದರಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲ ತಗುಲಿದೊಡನೆ ಜಿಎನ್ ಸರಿಯುತ್ತದೆ, ಜಿಸಿ ಎದ್ದು ಚೀಲದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಮೂರು ಜಿಸಿಗಳು ಒಟ್ಟುಗೂಡಿ ಮಡಿಚಿಕೊಂಡಾಗ ಎರಡು ಪೊರೆಗಳೂ ಸೇರಿ ಒಂದಾಗುತ್ತವೆ, ದಾರಿ ತೆರೆಯುತ್ತದೆ. ಈ ಬದಲಾವಣೆ ಒಮ್ಮೆ ಆದರೆ ಆಯಿತು, ಹಿಂದಕ್ಕೆ ಬರಲಾರದು. ಹಾಗಾಗಿ ಜೀವಕೋಶದ ಹೊರಗೇ ಆಮ್ಲ ತಗುಲಿದರೆ ವೈರಸ್ ಕೆಲಸಕ್ಕೆ ಬಾರದ್ದಾಗುತ್ತದೆ. ಕಡಿದ ಪ್ರಾಣಿಯ ಮಾಂಸವನ್ನು ಸರಿಯಾಗಿ ಇಟ್ಟರೆ ಅದರಲ್ಲಿ ತಾನಾಗಿ ಆಮ್ಲ ಹೆಚ್ಚಿ ವೈರಸ್ ನಾಶವಾಗುವುದು ಇದರಿಂದಲೇ. ಅಪಾಯವಿರುವುದು ಹಸಿ ರಕ್ತದಲ್ಲಿ ಮತ್ತು ಕಂದು ಹಾಕಿದ ಮಾಸಿನಲ್ಲಿ. ಸೊಳ್ಳೆ ಕಚ್ಚಿ ರೋಗ ಬಂದವರಿಗಿಂತ ಇವನ್ನು ಮುಟ್ಟಿ ರೋಗ ತಂದುಕೊಂಡ ಕುರಿಗಾಹಿಗಳು, ಕಸಾಯಿಗಳು, ಪಶುವೈದ್ಯರೇ ಹೆಚ್ಚು. ಕೊಬ್ಬಿನ ಪೊರೆಯಾದ್ದರಿಂದ ಸೋಪಿಗೂ ಅದು ಕರಗುತ್ತದೆ.

ಒಳಗೆ ಆರ್‌ಎನ್‌ಎ ಇದೆ, ಮೂರು ತುಣುಕುಗಳಾಗಿ: ದೊಡ್ಡದು ಎಲ್, ನಡುವಿನದು ಎಮ್, ಚಿಕ್ಕದು ಎಸ್. ಮೂರೂ ಸೇರಿ ಸುಮಾರು 12,000 ಅಕ್ಷರ. ಪ್ರತಿ ತುಣುಕಿಗೂ ಎನ್ ಎಂಬ ಪ್ರೋಟೀನ್ ಉದ್ದಕ್ಕೂ ಹೊದಿಕೆಯಾಗಿದೆ, ಎರಡು ತುದಿಗಳೂ ಒಂದಕ್ಕೊಂದು ಹೊಂದಿಕೊಂಡು ಅಂಟಿರುತ್ತವೆ. ಈ ಆರ್‌ಎನ್‌ಎಯನ್ನು ಜೀವಕೋಶ ನೇರವಾಗಿ ಓದಲಾರದು. ಅದನ್ನು ನಕಲು ಮಾಡುವ ಕಿಣ್ವವನ್ನು ವೈರಸ್ ತನ್ನೊಡನೆಯೇ ಹೊತ್ತು ತರುತ್ತದೆ. ಆ ಕಿಣ್ವ ಜೀವಕೋಶದ ಸ್ವಂತ ಸಂದೇಶಗಳ ತಲೆಯನ್ನು ಕತ್ತರಿಸಿ ವೈರಸ್ಸಿನ ಸಂದೇಶಗಳಿಗೆ ಅಂಟಿಸಿಕೊಳ್ಳುತ್ತದೆ. ಆಮೇಲೆ ಜೀವಕೋಶ ಅವನ್ನು ತನ್ನವೆಂದೇ ಓದುತ್ತದೆ.

ಎಸ್ ತುಣುಕು ಎಲ್ಲಕ್ಕಿಂತ ಚಿಕ್ಕದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅದರ ಒಂದು ತುದಿಯಿಂದ ಓದಿದರೆ ಎನ್ ಪ್ರೋಟೀನ್, ಎದುರು ದಿಕ್ಕಿನಲ್ಲಿ ಎನ್‌ಎಸ್‌ಎಸ್ ಎಂಬ ಇನ್ನೊಂದು. ವೈರಸ್ ಬೆಳೆಯುವುದು ಜೀವಕೋಶದ ದ್ರವದಲ್ಲಿ. ಎನ್‌ಎಸ್‌ಎಸ್ ಮಾತ್ರ ನ್ಯೂಕ್ಲಿಯಸ್ಸಿನೊಳಗೆ ಹೋಗಿ ಉದ್ದುದ್ದ ಎಳೆಗಳನ್ನು ಕಟ್ಟುತ್ತದೆ. ಎಚ್ಚರಿಕೆಯ ಸಂದೇಶವಾದ ಇಂಟರ್‌ಫೆರಾನ್ ತಯಾರಾಗದಂತೆ ಅಲ್ಲೇ ತಡೆಯುತ್ತದೆ. ದೇಹಕ್ಕೆ ಸುಳಿವೇ ಸಿಗದೆ ಮರಿಯ ಯಕೃತ್ತಿನಲ್ಲಿ ವೈರಸ್ ತುಂಬಿಹೋಗುತ್ತದೆ.

1974ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಸೌಮ್ಯವಾಗಿ ಕಾಯಿಲೆ ಬಿದ್ದಿದ್ದ ರೋಗಿಯೊಬ್ಬರಿಂದ ತೆಗೆದ ವೈರಸ್ಸಿನಿಂದ ಬೇರ್ಪಡಿಸಿದ ಒಂದು ತಳಿಯಲ್ಲಿ ಎನ್‌ಎಸ್‌ಎಸ್ ಜೀನಿನ ಬಹುಪಾಲು ಬಿದ್ದುಹೋಗಿತ್ತು. ಕ್ಲೋನ್ 13 ಎಂಬ ಆ ತಳಿಯನ್ನು ಲಸಿಕೆಯಾಗಿ ಬಳಸಲು ದಕ್ಷಿಣ ಆಫ್ರಿಕಾ 2010ರಲ್ಲಿ ಅನುಮತಿ ಕೊಟ್ಟಿತು. ಆದರೆ ಅದರ ಹೊರಮೈ, ಕುಣಿಕೆ, ಕಿಣ್ವ ಎಲ್ಲವೂ ಹಾಗೇ ಉಳಿದಿವೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಅದು ಭ್ರೂಣಕ್ಕೂ ದಾಟಬಲ್ಲದು ಎಂದು ಆಮೇಲೆ ತಿಳಿಯಿತು. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಎನ್‌ಎಸ್‌ಎಸ್ ತೆಗೆದದ್ದಲ್ಲದೆ ಎಮ್ ತುಣುಕನ್ನೂ ಎರಡಾಗಿ ಒಡೆದರು: ಜಿಎನ್‌ನ ಜೀನ್ ಒಂದರಲ್ಲಿ, ಜಿಸಿಯದು ಇನ್ನೊಂದರಲ್ಲಿ. ಈ ನಾಲ್ಕು ತುಣುಕಿನ ವೈರಸ್ ಗಬ್ಬದ ಕುರಿಗಳ ಪರೀಕ್ಷೆಯಲ್ಲಿ ಭ್ರೂಣಕ್ಕೆ ದಾಟಲಿಲ್ಲ. ಮನುಷ್ಯರಲ್ಲೂ ಅದರ ಮೊದಲ ಹಂತದ ಪರೀಕ್ಷೆ ಮುಗಿದಿದೆ.